ಮಬ್ರೂಕಾಳ ಎರಡು ಸಂಖ್ಯೆಗಳು

"ಇದರಲ್ಲಿ ಯಾವುದನ್ನ ನಂಬ್ಲಿ ಹೇಳು," ಎಂದು ಮಬ್ರೂಕಾ ಎರಡು ಚೀಟಿಗಳನ್ನು ಕಿಟಕಿಯೊಳಗೆ ತೂರಿಸಿದಳು. "ನೀನು ಆರುನೂರು ಅಂತೀಯ. ಸ್ಫಾಕ್ಸ್‌ನ ಲ್ಯಾಬಿನೋರು ನಾಲ್ಕು ಸಾವಿರದ ಎಂಟುನೂರು ಅಂತಾರೆ. ಅದೇ ದಿನ, ಅದೇ ತೋಳು. ದಾರೀಲಿ ಮರಿ ಹಾಕ್ತಾ ವೈರಸ್ಸು?"

ಗಫ್ಸಾ ಊರಿನ ಆ ಸಣ್ಣ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ರಕ್ತ ಪರೀಕ್ಷಿಸುತ್ತಿದ್ದ ಶದ್ಲಿಯಾಗೆ ನಗು ಬಂತು, ಆದರೆ ನಗಲಿಲ್ಲ. ಮಬ್ರೂಕಾ ಬದುಕಿರುವುದೇ ತಮ್ಮ ಕೊಟ್ಟ ಕಿಡ್ನಿಯಿಂದ. ರಕ್ತದಲ್ಲಿನ ವೈರಸ್ಸಿನ ಸಂಖ್ಯೆ ಸಾವಿರ ದಾಟಿದರೆ ಡಾಕ್ಟರು ಔಷಧಿ ಶುರು ಮಾಡುತ್ತಾರೆ. ಹೋದ ಸಲ ಅದೇ ಔಷಧಿ ಅವಳ ಬಿಳಿ ರಕ್ತಕಣಗಳನ್ನು ಖಾಲಿ ಮಾಡಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿತ್ತು. ಹಾಗಂತ ಕೊಡದೆ ಬಿಟ್ಟು ವೈರಸ್ಸು ಹೆಚ್ಚಿದರೆ ತಮ್ಮನ ಕಿಡ್ನಿಯೇ ಹೋದೀತು. ಡಾಕ್ಟರು ಎರಡೂ ಕಡೆ ಪರೀಕ್ಷೆ ಮಾಡಿಸಿ, ದೊಡ್ಡ ಊರಾದ ಸ್ಫಾಕ್ಸ್‌ನ ಸಂಖ್ಯೆಯನ್ನು ನಂಬಿ, ಸೋಮವಾರ ಶುರು ಎಂದಿದ್ದರು.

"ನಾಳೆ ಬೆಳಿಗ್ಗೆ ಇನ್ನೊಂದ್ಸಲ ರಕ್ತ ಕೊಡಕ್ಕಾ."

"ತಗೋ ತಗೋ. ಉಳಿದಿದ್ರೆ ತಾನೆ!"

ಶದ್ಲಿಯಾಗೆ ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಹೋದ ತಿಂಗಳು ಯಂತ್ರಗಳ ತಪಾಸಣೆಗೆಂದು ಎರಡೂ ಲ್ಯಾಬುಗಳಿಗೆ ಅಂಚೆಯಲ್ಲಿ ಒಂದೇ ಪುಡಿ ಬಂದಿತ್ತು, ಎಷ್ಟು ವೈರಸ್ ಇದೆಯೆಂದು ಮೊದಲೇ ಅಳೆದಿಟ್ಟ ಪುಡಿ. ಕಲಸಿ ನೋಡಿದಾಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಉತ್ತರ. ಅಂದಮೇಲೆ ಯಂತ್ರಗಳದ್ದು ತಪ್ಪಿಲ್ಲ. ಅವಳು ಸ್ಫಾಕ್ಸ್‌ನ ಲ್ಯಾಬಿನಲ್ಲಿದ್ದ ಗೆಳತಿ ರೀಮ್‌ಗೆ ಫೋನ್ ಮಾಡಿದಳು.

"ನಮ್ಮ ಟ್ಯೂಬು ಬಂದಾಗ ನೋಡೋಕೆ ಹೇಗಿರುತ್ತೆ?"

"ಯಂತ್ರದಲ್ಲಿ ಗಿರಗಿರ ತಿರುಗಿಸಿದ್ರೂ ಮೇಲೆ ನಿಲ್ಲೋ ನೀರು ಹಳದಿ ಆಗದೆ ಕೆಂಪಗೇ ಇರುತ್ತೆ ಕಣೆ. ನೀವು ತಿನ್ನೋ ಹರೀಸಾ ಮೆಣಸಿನ ಚಟ್ನಿಯ ಖಾರಕ್ಕೆ ರಕ್ತಾನೂ ಹಾಗೇ ಅಂದ್ಕೊಂಡಿದ್ದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ನೀನು ಕೇಳ್ಲಿಲ್ವಲ್ಲ."

ಮರುದಿನ ಶದ್ಲಿಯಾ ಮಬ್ರೂಕಾಳಿಂದ ಎರಡು ಟ್ಯೂಬು ರಕ್ತ ತೆಗೆದಳು. ಒಂದನ್ನು ಅಲ್ಲೇ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಎರಡು ಪಾಲು ಮಾಡಿ, ಒಂದು ಪಾಲು ತನಗಿಟ್ಟುಕೊಂಡಳು. ಇನ್ನೊಂದು ಪಾಲನ್ನೂ, ಎಂದಿನಂತೆ ತಿರುಗಿಸದ ಹಸಿ ರಕ್ತದ ಟ್ಯೂಬನ್ನೂ ಪೆಟ್ಟಿಗೆಗೆ ಹಾಕಿ, ಸ್ಫಾಕ್ಸ್‌ಗೆ ಜನ ಹಂಚಿಕೊಂಡು ಹೋಗುವ ಟ್ಯಾಕ್ಸಿಗಳ ನಿಲ್ದಾಣಕ್ಕೆ ತಾನೇ ಹೋದಳು. ನಾಲ್ಕು ವರ್ಷದಿಂದ ಲ್ಯಾಬಿನ ಪೆಟ್ಟಿಗೆ ಒಯ್ಯುತ್ತಿದ್ದ ಡ್ರೈವರ್ ಲಝರ್ ಕಾಕಾ ಅದನ್ನು ಬಿಚ್ಚಿ, ಮಂಜುಗಟ್ಟಿ ಕಲ್ಲಾಗಿದ್ದ ಎರಡು ನೀರಿನ ಬಾಟಲಿಗಳನ್ನು ಟ್ಯೂಬುಗಳಿಗೆ ಆಚೀಚೆ ಒತ್ತಿಟ್ಟ.

"ಇದೇನು ಕಾಕಾ?"

"ಹೊರಗೆ ನಲವತ್ತೈದು ಡಿಗ್ರಿ ಬಿಸಿಲು! ಪಾಪ, ಆ ಹೆಣ್ಣುಮಗಳ ರಕ್ತ ಬೆಂದು ಹೋಗ್ಬಾರದಲ್ಲ. ಪ್ರತಿ ರಾತ್ರಿ ನಮ್ಮನೆ ಫ್ರಿಜ್ಜಲ್ಲೇ ಗಟ್ಟಿ ಮಾಡಿಡ್ತೀನಿ."

ಶದ್ಲಿಯಾ ಟ್ಯಾಕ್ಸಿ ಹತ್ತಿ ಮೊದಲ ನಿಲುಗಡೆಯವರೆಗೆ ಹೋದಳು. ಅಲ್ಲಿ ಪೆಟ್ಟಿಗೆ ತೆರೆದರೆ, ಬಾಟಲಿಗೆ ತಾಗಿದ ಬದಿಯಲ್ಲಿ ರಕ್ತ ಮಂಜುಗಟ್ಟಿತ್ತು.

"ಕಾಕಾ, ಮಂಜಾದ್ರೆ ರಕ್ತಕಣ ಒಡೆಯುತ್ತೆ. ಒಳಗೆ ಅಡಗಿರೋ ವೈರಸ್ಸೆಲ್ಲ ಹೊರಗೆ ಚೆಲ್ಲುತ್ತೆ. ಅಲ್ಲಿ ಅವರು ಅದನ್ನೂ ಸೇರಿಸಿ ಎಣಿಸ್ತಿದ್ದಾರೆ."

ಲಝರ್‌ನ ಮುಖ ಬಾಡಿತು. "ಅಂದ್ರೆ ನಾನೇ..."

"ನಮ್ಮದೂ ತಪ್ಪೇ. ಒಂದು ದಿನಾನೂ ಜೊತೆಗೆ ಬಂದು ನೋಡ್ಲಿಲ್ಲ." ಹಾಗೆಂದರೂ ಅವಳಿಗೆ ಸಂಕಟವಾಯಿತು. ಬಾಟಲಿಗಳನ್ನು ಹಾಗೆಯೇ ಇರಲು ಬಿಟ್ಟು ಪೆಟ್ಟಿಗೆ ಮುಚ್ಚಿ ಕೊಟ್ಟಳು. ಎರಡು ಟ್ಯೂಬುಗಳೂ ಒಂದೇ ದಾರಿಯಲ್ಲಿ, ಒಂದೇ ಚಳಿಯಲ್ಲಿ ಹೋಗಬೇಕಿತ್ತು. ರಕ್ತಕಣವಿಲ್ಲದ ಹಳದಿ ನೀರಿನ ಸಂಖ್ಯೆ ಆಗಲೂ ಏರದಿದ್ದರೆ, ಕಣ ಒಡೆದದ್ದೇ ಕಾರಣವೆಂದು ಖಾತ್ರಿಯಾಗುತ್ತಿತ್ತು.

ಶನಿವಾರ ಉತ್ತರ ಬಂತು. ಹಸಿ ರಕ್ತದ್ದು ಐದು ಸಾವಿರದ ನೂರು. ಬೇರ್ಪಡಿಸಿ ಕಳಿಸಿದ್ದು ಆರುನೂರ ಎಂಬತ್ತು. ಶದ್ಲಿಯಾಳದ್ದು ಆರುನೂರ ನಲವತ್ತು. ಡಾಕ್ಟರು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಔಷಧಿ ಬೇಡ, ವಾರ ಬಿಟ್ಟು ಮತ್ತೆ ನೋಡೋಣ ಎಂದರು.

ಮಬ್ರೂಕಾ ಲ್ಯಾಬಿನ ಬೆಂಚಿನ ಮೇಲೆ ಕೂತು ಚೀಟಿಗಳನ್ನು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದಳು. ಲಝರ್ ಪೆಟ್ಟಿಗೆ ಒಯ್ಯಲು ಬಂದ. ಇನ್ನು ಬೇಡವೆಂದು ಗೊತ್ತಿದ್ದರೂ ಅಭ್ಯಾಸಬಲದಿಂದ ಮಂಜಿನ ಬಾಟಲಿಗಳನ್ನು ತಂದುಬಿಟ್ಟಿದ್ದ. ಎಲ್ಲಿಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತ.

"ಇಲ್ಲಿ ಕೊಡಣ್ಣ," ಎಂದಳು ಮಬ್ರೂಕಾ. ಒಂದನ್ನು ಇಸಿದುಕೊಂಡು, ಕಣ್ಣು ಮುಚ್ಚಿ, ಬಿಸಿಲಿಗೆ ಬೆವೆತ ಕುತ್ತಿಗೆಗೆ ಒತ್ತಿ ಹಿಡಿದಳು.