ತಂಬಾಕು ತಿಕ್ಕುವಷ್ಟು ಹೊತ್ತು

ಇದು ಖರೇ ನಡೆದ ಕಥೆ. ಅಲ್ಲಲ್ಲಿ ಉಪ್ಪು-ಖಾರ ಹೆಚ್ಚಾಗಿದ್ದರೆ ಅದು ಚಿಕ್ಕೋಡಿ ನೀರಿನ ಗುಣ, ಹೇಳುವವರ ತಪ್ಪಲ್ಲ.

೨೦೦೮ನೇ ಇಸವಿ. ಬಿಸಿಎ ಕೊನೆಯ ವರ್ಷದಲ್ಲಿದ್ದ ಅಂಕಲಿಯ ನಿಲೇಶನ ಗಂಟಲಲ್ಲಿ ಅರ್ಧ ತಾಲ್ಲೂಕು ವಾಸವಾಗಿತ್ತು. ಕೊಲ್ಹಾಪುರ ಬಸ್ಸಿನ ಕಂಡಕ್ಟರು, ಮಂಗಸೂಳಿ ಗುಡಿಯ ಮುಂದೆ ಅರಿಶಿನದ ಭಂಡಾರ ಮಾರುವ ಮುದುಕಿ, ಕನ್ನಡದಲ್ಲಿ ದರ ಹೇಳಿ ಮರಾಠಿಯಲ್ಲಿ ಜಗಳ ತೆಗೆಯುವ ಸಂತೆಯ ವ್ಯಾಪಾರಿ, ಕರೆದರೆ ಸಾಕು, ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ಎಲ್ಲರಿಗಿಂತ ಚಂದ ಬರುತ್ತಿದ್ದವರು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಲಗಮಣ್ಣ ಸರ್. ಆ ಆಟ ಮಾತ್ರ ಅವರ ಬೆನ್ನ ಹಿಂದೆಯೇ ನಡೆಯಬೇಕಿತ್ತು.

ಲ್ಯಾಬಿನ ಇಪ್ಪತ್ತು ಕಂಪ್ಯೂಟರುಗಳಿಗೂ ವೈರ್‌ಲೆಸ್ ಕಾರ್ಡುಗಳಿದ್ದವು. ಕಾರ್ಡಿಗೆ ಹೇಳಿ ಕೆಲಸ ಮಾಡಿಸುವ ಡ್ರೈವರ್ ತಂತ್ರಾಂಶವನ್ನು ಕಂಪನಿ ಯಂತ್ರಕ್ಕಷ್ಟೇ ತಿಳಿಯುವ ಒಂದು-ಸೊನ್ನೆಗಳ ಗಂಟಾಗಿ ಕೊಟ್ಟಿತ್ತು. ಅದನ್ನು ಬರೆದ ಮೂಲ ಸಾಲುಗಳನ್ನು ಯಾರಿಗೂ ತೋರಿಸಿರಲಿಲ್ಲ. ಆ ವರ್ಷ ಲ್ಯಾಬಿನ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ಬದಲಿಸಿ ಹೊಸ ಆವೃತ್ತಿ ಹಾಕಿದ್ದೇ ತಡ, ಹಳೆಯ ಗಂಟು ಅದರೊಳಗೆ ಕೂರಲಿಲ್ಲ. ಇಪ್ಪತ್ತೂ ಕಾರ್ಡುಗಳ ಹಸಿರು ದೀಪ ಆರಿಹೋಯಿತು. ಕಂಪನಿಗೆ ಬರೆದರೆ, 'ಹಳೆಯ ಕಾರ್ಡು, ಹೊಸ ಡ್ರೈವರ್ ಮಾಡುವುದಿಲ್ಲ' ಎಂಬ ಉತ್ತರ ಬಂತು.

"ನಾ ಬರೀತೀನ್ರಿ ಸರ್," ಎಂದ ನಿಲೇಶ. ಅದನ್ನೇ ತನ್ನ ಪ್ರಾಜೆಕ್ಟ್ ಎಂದೂ ಹೆಸರು ಕೊಟ್ಟುಬಿಟ್ಟ.

ಲಗಮಣ್ಣ ಸರ್ ಅಂಗೈಗೆ ನಿಪ್ಪಾಣಿ ತಂಬಾಕು ಹಾಕಿ, ಸುಣ್ಣ ಹಚ್ಚಿ, ಹೆಬ್ಬೆರಳಲ್ಲಿ ತಿಕ್ಕಿ, ಎರಡು ಸಲ ತಟ್ಟಿ, ದವಡೆಗಿಟ್ಟರು. ಅಷ್ಟಾಗದೆ ಅವರು ಯಾವ ಪ್ರಶ್ನೆಗೂ ಉತ್ತರ ಕೊಟ್ಟವರಲ್ಲ.

"ಒಳಗ ಏನೈತಿ ಅನ್ನೂದ ಕಾಣವಲ್ದು, ಹೆಂಗ ಬರೀತಿಲೇ? ಶನಿವಾರ ಬೆಳಗಾವಿ ಮೇಡಂ ಪ್ರಾಜೆಕ್ಟ್ ಪರೀಕ್ಷಾ ಮಾಡಾಕ ಬರ್ತಾರ. ದೀಪ ಹತ್ತಲಿಲ್ಲಂದ್ರ ಪ್ರಾಜೆಕ್ಟಿಗೆ ಸೊನ್ನಿ. ಇನ್ನೊಂದ್ ವರ್ಷ ನನ್ನ ಮಾರಿ ನೋಡ್ಕೋತ ಕೂಡಬೇಕಾಕೈತಿ!"

'ನಿಮ್ಮ ಗಂಟಲಾ ಕೊಯ್ದು ನೋಡಿ ನಿಮ್ಮ ದನಿ ಕಲ್ತೀನೇನ್ರಿ?' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಲೇಶ ನುಂಗಿಕೊಂಡ. ಆದರೆ ಉಪಾಯ ಇದ್ದದ್ದು ಆ ಮಾತಿನಲ್ಲೇ. ಒಂದು ಯಂತ್ರಕ್ಕೆ ಹಳೆಯ ಲಿನಕ್ಸನ್ನೇ ಮರಳಿ ಹಾಕಿ, ಕಂಪನಿಯ ಡ್ರೈವರ್ ಕಾರ್ಡಿಗೆ ಏನೇನು ಹೇಳುತ್ತದೆಂದು ಕದ್ದು ಕೇಳಿ ಸಾಲುಸಾಲಾಗಿ ಇಳಿಸಿಕೊಂಡ. ಹೊಸ ಲಿನಕ್ಸಿನ ಯಂತ್ರದಲ್ಲಿ ಅದೇ ಮಾತು, ಅದೇ ಕ್ರಮ. ಮಿಮಿಕ್ರಿ ಅಂದರೆ ಮತ್ತೇನು?

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಮುನ್ನೂರ ಹನ್ನೆರಡು ಸಾಲು ಒಂದೂ ತಪ್ಪದಂತೆ ತಯಾರಾದವು. ಓಡಿಸಿದರೆ ಕಾರ್ಡು ಮಿಸುಕಲಿಲ್ಲ. ಹನ್ನೊಂದು ಸಲ ಓಡಿಸಿದ, ಹನ್ನೊಂದು ಸಲವೂ ಕತ್ತಲೆ. ಒಂದು ವರ್ಷ ಕಣ್ಣೆದುರೇ ಜಾರಿಹೋಗುತ್ತಿತ್ತು. ಬೇಸರ ಕಳೆಯಲು ಕುರ್ಚಿ ತಿರುಗಿಸಿ, ಪಕ್ಕದಲ್ಲಿದ್ದ ಸಹಪಾಠಿ ಸ್ನೇಹಲಳಿಗೆ ಲಗಮಣ್ಣ ಸರ್ ದನಿಯಲ್ಲಿ ಗದರಿದ: "ಒಳಗ ಏನೈತಿ ಅನ್ನೂದ ಕಾಣವಲ್ದು, ಹೆಂಗ ಬರೀತಿಲೇ?"

ಸ್ನೇಹಲ ನಗಲಿಲ್ಲ. "ಇವತ್ತ ನಿನ್ನ ಆಟ ಜಮಲಿಲ್ಲ ಬಿಡೋ."

"ಯಾಕ? ದನಿ ಅದ ಐತೆಲ್ಲ!"

"ದನಿ ಐತಿ. ತಂಬಾಕ ತಿಕ್ಕಲೇ ಇಲ್ಲ ನೀ. ಸರ್ ಯಾವಾಗರೆ ಹಿಂಗ ಭಡಾಭಡಾ ಮಾತಾಡ್ಯಾರೇನು?"

ನಿಲೇಶ ಕದ್ದು ಕೇಳಿ ಇಳಿಸಿಕೊಂಡಿದ್ದ ಪಟ್ಟಿಯನ್ನು ತಟ್ಟನೆ ಎಳೆದು ನೋಡಿದ. ಪ್ರತಿ ಸಾಲಿನ ಎಡಕ್ಕೆ ಅದನ್ನು ಹೇಳಿದ ವೇಳೆ ಇತ್ತು. ಬೇಡದ ಕಸವೆಂದು ಅದಕ್ಕೆ ತಾನೇ ಕಾಟು ಹೊಡೆದಿದ್ದ. ಒಂಬತ್ತನೇ ಸಾಲು ಹೇಳಿದ ಮೇಲೆ ಕಂಪನಿಯ ಡ್ರೈವರ್ ಕಾಲು ಸೆಕೆಂಡು ಸುಮ್ಮನಿದ್ದು, ಆಮೇಲೆ ಹತ್ತನೆಯದಕ್ಕೆ ಬಾಯಿ ತೆರೆದಿತ್ತು. ಯಂತ್ರದ ಲೋಕದಲ್ಲಿ ಕಾಲು ಸೆಕೆಂಡೆಂದರೆ ಊಟ ಮುಗಿಸಿ ಒಂದು ನಿದ್ದೆ ತೆಗೆಯುವಷ್ಟು ಹೊತ್ತು.

"ಕಾರ್ಡಿಗೆ ಎಚ್ಚರಾಗಾಕ ಹೊತ್ತು ಬೇಕು! ಅದಕ್ಕ ಡ್ರೈವರೂ ತಂಬಾಕ ತಿಕ್ಕತೈತಿ ಬೇ!"

ಒಂಬತ್ತರ ಕೆಳಗೆ 'ಇಷ್ಟು ಹೊತ್ತು ಕಾಯಿ' ಎಂದು ಒಂದೇ ಸಾಲು ಸೇರಿಸಿ ಓಡಿಸಿದ. ದೀಪ ಒಮ್ಮೆ ಮಿಣುಕಿತು, ಎರಡನೇ ಸಲಕ್ಕೆ ಹಸಿರಾಗಿ ನಿಂತಿತು. ಸ್ನೇಹಲ ಹಾಕಿದ ಕೇಕೆಗೆ ಹೊರಗೆ ಸೈಕಲ್ ನಿಲ್ಲಿಸುತ್ತಿದ್ದವರು ಕಿಟಕಿಗೆ ಬಂದು ಇಣುಕಿದರು. ಸಂಜೆಯೊಳಗೆ ಇಪ್ಪತ್ತೂ ದೀಪ ಹತ್ತಿದವು. ಅಷ್ಟಕ್ಕೇ ಬಿಟ್ಟರೆ ಅವನು ನಿಲೇಶನೇ?

ಶನಿವಾರ ಬೆಳಗಾವಿಯ ಮೇಡಂ ತೆರೆಯ ಮೇಲಿನ ಸಾಲುಗಳನ್ನು ಓದುತ್ತ ಒಂಬತ್ತರ ಕೆಳಗಿನ ಕಾಯುವ ಸಾಲಿನಲ್ಲಿ ನಿಂತರು. "ಇದೇನ್ರಿ, 'ಲಗಮಣ್ಣ ತಂಬಾಕು' ಅಂತ ಬರದೀರಿ?"

"ಅದ ಜೀವಾಳ ರೀ ಮೇಡಂ. ತಗದು ನೋಡ್ರಿ."

ಮೇಡಂ ಆ ಸಾಲು ಅಳಿಸಿ ಓಡಿಸಿದರು, ದೀಪ ಹತ್ತಲಿಲ್ಲ. ಮರಳಿ ಹಾಕಿದರು, ಹಸಿರು! "ಭಾಳ ಛಲೋ ಮಾಡೀರಿ," ಎಂದು ತಮ್ಮ ಅಂಕ ಬರೆದು ಹಾಳೆಯನ್ನು ಲಗಮಣ್ಣ ಸರ್ ಕಡೆ ಸರಿಸಿದರು. ಉಳಿದರ್ಧ ಅಂಕಗಳು ಸರ್ ಕೈಯಲ್ಲಿದ್ದವು.

ಸರ್ ಹುಬ್ಬು ಗಂಟಿಕ್ಕಿದರು. "ಕಂಪನಿ ಗಂಟ ಎಲ್ಲೆರೆ ಮುಚ್ಚಿಟ್ಟಿಯೇನಲೇ?"

ನಿಲೇಶ ಹಿಂದಿನ ರಾತ್ರಿಯೇ ರೆಕಾರ್ಡ್ ಮಾಡಿಟ್ಟಿದ್ದ ಉತ್ತರಕ್ಕೆ ಕೀಲಿ ಒತ್ತಿದ. ಸ್ಪೀಕರಿನಿಂದ ಸರಸರ ತಿಕ್ಕುವ ಸದ್ದು. ಪಟ್, ಪಟ್. ಕ್ಷಣ ಮೌನ. ಆಮೇಲೆ ಸಾಕ್ಷಾತ್ ಲಗಮಣ್ಣ ಸರ್ ದನಿ: "ಕಂಪನೀದು ಒಂದ್ ಸಾಲೂ ಇಲ್ರೆಪಾ! ಎಲ್ಲಾ ನಮ್ಮ ಹುಡುಗನ ಕೈಯಾಗಿಂದು!"

ಮೇಡಂ ಸೆರಗು ಬಾಯಿಗೊತ್ತಿಕೊಂಡರು. ದೀಪ ಹತ್ತಿಸಿ ನಾನೇ ಊದಿ ಆರಿಸಿದೆನೇ ಎನಿಸಿತು ನಿಲೇಶನಿಗೆ.

ಸರ್ ಕಿಸೆಯಿಂದ ತಂಬಾಕಿನ ಚಂಚಿ ತೆಗೆದರು. ತಂಬಾಕು ಹಾಕಿದರು, ಸುಣ್ಣ ಹಚ್ಚಿದರು, ತಿಕ್ಕಿದರು. ಪಟ್, ಪಟ್. ಎರಡನೇ ಸಲ ತಟ್ಟುತ್ತಲೇ ಸರ್ ಕೈ ಅಲ್ಲೇ ನಿಂತಿತು. ತಮ್ಮ ಅಂಗೈಯನ್ನು ನೋಡಿದರು, ಸ್ಪೀಕರನ್ನು ನೋಡಿದರು, ಮತ್ತೆ ಅಂಗೈ ನೋಡಿದರು.

"ಅರೇ ನಿನ್ನ!" ಎಂದವರೇ ಹೊಟ್ಟೆ ಹಿಡಿದು ನಕ್ಕರು. ತಂಬಾಕು ಹಾರಿ ಮೇಜಿನ ತುಂಬ ಚೆಲ್ಲಿತು. ಸ್ನೇಹಲ ನಕ್ಕಳು, ಮೇಡಂ ನಕ್ಕರು, ಸದ್ದು ಕೇಳಿ ಕಿಟಕಿಗೆ ಬಂದವರೂ ನಕ್ಕರು. ಹಾಳೆಯ ಮೇಲಿನ ತಂಬಾಕು ಕೊಡವಿ ಪೂರ್ತಿ ಅಂಕ ಬರೆಯುತ್ತಲೇ ಲಗಮಣ್ಣ ಸರ್ ನಗುತ್ತಿದ್ದರು. ಅವರ ನಗುವಿನೆದುರು ಉಳಿದವರ ನಗು ಕೇಳಿಸಲೇ ಇಲ್ಲ.