ಆಪರೇಟರಣ್ಣನ ಎಡಗಣ್ಣು

ಆ ಬೀದಿಯ ಹಳೇ ಚಿತ್ರಮಂದಿರ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಆದರೂ ಅಲ್ಲಿ ಸಿನಿಮಾ ಓಡಿಸುತ್ತಿದ್ದವನನ್ನು ಜನ ಇನ್ನೂ ಆಪರೇಟರಣ್ಣ ಅಂತಲೇ ಕರೆಯುತ್ತಿದ್ದರು. ಟಿಕೆಟ್ ಕೊಡುತ್ತಿದ್ದ ಅವನ ಹೆಂಡತಿ ಇವತ್ತಿಗೂ ಎಲ್ಲರಿಗೂ ಕೌಂಟರಕ್ಕ.

ಇಬ್ಬರ ಪ್ರೀತಿ ಹುಟ್ಟಿದ್ದೂ ಅಲ್ಲೇ. ಹೌಸ್‌ಫುಲ್ ಬೋರ್ಡು ಬಿದ್ದ ದಿನ ಅವನು ಕಬ್ಬಿಣದ ಮೆಟ್ಟಿಲಿಳಿದು ಬಂದು, ಕೌಂಟರಿನ ಕಿಂಡಿಯಲ್ಲಿ ಬಿಸಿ ಚಹಾದ ಲೋಟ ಇಟ್ಟು, ತುಟಿ ಪಿಟಕ್ಕೆನ್ನದೆ ಹೋಗಿಬಿಡುತ್ತಿದ್ದ. ಹೀಗೆ ಎರಡು ವರ್ಷ ಚಹಾ ಕುಡಿದ ಮೇಲೆ ಅವಳೇ ಬಾಯಿಬಿಟ್ಟು ಕೇಳಿದ್ದಳು, "ಏನ್ರೀ, ಜೀವನಪೂರ್ತಿ ಬರೀ ಟೀನೇನಾ?"

ಈಗಲೂ ಸಂಜೆ ಹೊತ್ತು ಇಬ್ಬರೂ ಮೊದಲ ಮಹಡಿಯ ಕಿಟಕಿ ಹತ್ತಿರ ಕೂತು ಆ ದಿನಗಳನ್ನೇ ಮೆಲುಕು ಹಾಕುತ್ತಿದ್ದರು.

ಎರಡು ವರ್ಷದ ಹಿಂದೆ ಆಪರೇಟರಣ್ಣನ ಎಡಗಣ್ಣು ತಾನಾಗೇ ಮಿಟುಕತೊಡಗಿತು. ಬರಬರುತ್ತಾ ಕೆನ್ನೆಯೂ ಬಾಯಿಯ ತುದಿಯೂ ಸೆಳೆಯತೊಡಗಿದವು. ಒಂದು ದಿನ ತರಕಾರಿ ಅಂಗಡಿಯವಳು ಮುಖ ಗಂಟಿಕ್ಕಿಕೊಂಡು, "ಅಕ್ಕಾ, ನಿಮ್ಮ ಯಜಮಾನ್ರಿಗೆ ಸ್ವಲ್ಪ ಹೇಳಿ. ಈ ವಯಸ್ಸಲ್ಲಿ ನಂಗೆ ಕಣ್ಣು ಹೊಡೀತಾರೆ" ಅಂದಳು. ಅಕ್ಕ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮದುವೆಗೆ ಮುಂಚೆ ನಂಗೊಂದ್ಸಲ ಹೊಡೀಲಿಲ್ಲ. ಈಗ ಊರಿಗೆಲ್ಲ ಹೊಡೀತಿದ್ದೀರಾ?"

"ನಿದ್ದೆ ಸಾಲ್ದು ಕಣೇ. ಸರಿಹೋಗುತ್ತೆ ಬಿಡು."

ಕೆಳಗಿನ ಮನೆಯಲ್ಲಿದ್ದ ನರ್ಸಮ್ಮ ಮಾತ್ರ ನಗಲಿಲ್ಲ. "ಅಣ್ಣಾ, ಬಿಪಿ ಮಾತ್ರೆ ತಗೋತಿದ್ದೀರಾ?" ಎಂದು ಕೇಳಿದಳು.

"ಅದನ್ನ ಬಿಟ್ಟು ಮೂರು ವರ್ಷ ಆಯ್ತಮ್ಮ. ಗಟ್ಟಿಮುಟ್ಟಾಗಿದ್ದೀನಲ್ಲ, ಸುಮ್ನೆ ಯಾಕೆ ನುಂಗ್ಲಿ?" ಅನ್ನುತ್ತಾ ಅವನು ಸಿಗರೇಟು ಹಚ್ಚಿದ.

ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವನು, "ಇವಳೇ, ನೀನು ಇಬ್ಬಿಬ್ಬರಾಗಿ ಕಾಣ್ತಿದ್ದೀಯ" ಅಂದ. ಅಕ್ಕ ತಮಾಷೆ ಅಂದುಕೊಂಡಳು. ಮರುಕ್ಷಣ ಅವನ ನಾಲಿಗೆ ತೊದಲಿತು, ಕಾಲು ತೂರಾಡಿತು. ಬೀರುವಿಗೆ ಭುಜ ಬಡಿದು ಕುಸಿದು ಕೂತ. ಅಕ್ಕ ಕಿರುಚಿದ್ದು ಕೇಳಿ ನರ್ಸಮ್ಮ ಓಡಿ ಬರುವಷ್ಟರಲ್ಲಿ ಮಾತು ಮತ್ತೆ ಸ್ಪಷ್ಟವಾಗಿತ್ತು.

"ನೋಡು, ಹೋಯ್ತಲ್ಲ. ಆಸ್ಪತ್ರೆ ಗೀಸ್ಪತ್ರೆ ಏನೂ ಬೇಡ."

"ಹೋಗಿಲ್ಲ ಅಣ್ಣಾ, ಎಚ್ಚರಿಸಿ ಹೋಗಿದೆ. ಬೇಗ ಸರಿಯಾದ್ರೂ ಇದು ಲಕ್ವದ ಮುನ್ಸೂಚನೆ. ಏಳಿ, ಈಗ್ಲೇ ಹೊರಡೋಣ."

ಆಸ್ಪತ್ರೆಯಲ್ಲಿ ಬಿಪಿ ಮಿತಿ ಮೀರಿತ್ತು. ಡಾಕ್ಟರು ಸ್ಕ್ಯಾನಿನ ಚಿತ್ರ ತೋರಿಸಿ ಬಿಡಿಸಿ ಹೇಳಿದರು. "ಮೆದುಳಿನ ಬುಡದಲ್ಲಿರೋ ರಕ್ತನಾಳ ಇದು. ಇರಬೇಕಾದ್ದಕ್ಕಿಂತ ದಪ್ಪವಾಗಿ ಹಿಗ್ಗಿದೆ, ಸೊಟ್ಟಸೊಟ್ಟಗೆ ಬೆಳೆದಿದೆ. ಮುಖದ ನರಕ್ಕೆ ಒತ್ತುತ್ತಿರೋದ್ರಿಂದ ಕಣ್ಣು ಮಿಟುಕುತ್ತೆ. ಒಳಗೆ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟಬಹುದು. ನಾಳದ ಗೋಡೆ ತೀರಾ ಸೋತರೆ ಒಡೆಯಲೂಬಹುದು."

"ಕೊಯ್ದು ಸರಿಮಾಡಿಬಿಡಿ ಸಾರ್."

"ನಿಮಗೆ ಆಪರೇಷನ್ನಿಂದಲೇ ಅಪಾಯ ಜಾಸ್ತಿ. ಬಿಪಿ ಹತೋಟಿಯಲ್ಲಿಡಿ, ಸಿಗರೇಟು ಬಿಡಿ, ಹೇಳಿದ ದಿನ ಸ್ಕ್ಯಾನಿಗೆ ಬನ್ನಿ. ನಾನು ಬರೆದುಕೊಟ್ಟದ್ದು ಬಿಟ್ಟು ಬೇರೆ ಮಾತ್ರೆ ಮುಟ್ಟಬೇಡಿ."

ಎರಡು ವಾರದ ಮೇಲೆ ಬಟ್ಟೆ ಒಗೆಯಲು ಹೊರಟ ಅಕ್ಕನಿಗೆ ಅವನ ಜೇಬಿನಲ್ಲಿ ಹೊಸದೊಂದು ಮಾತ್ರೆ ಪಟ್ಟಿ ಸಿಕ್ಕಿತು. ಬೀರುವಿನಲ್ಲಿ ನೋಡಿದರೆ, ಬಿಪಿ ಮಾತ್ರೆಯ ಪಟ್ಟಿ ತೆರೆಯದೆ ಹಾಗೇ ಇತ್ತು. ನರ್ಸಮ್ಮ ಹೊಸ ಪಟ್ಟಿ ನೋಡಿ ಗಾಬರಿಯಾದಳು.

"ಅಣ್ಣಾ, ಇದನ್ನ ಯಾರು ಕೊಟ್ರು?"

"ನಮ್ಮ ಹಳೇ ಗೇಟ್‌ಕೀಪರು. ರಕ್ತ ತೆಳು ಮಾಡುತ್ತಂತೆ, ಹೆಪ್ಪುಗಟ್ಟೋಕೆ ಬಿಡಲ್ವಂತೆ. ಅವನಿಗೆ ಹೃದಯಕ್ಕೆ ಬರೆದುಕೊಟ್ಟಿದ್ದು."

"ಇದು ಕೆಲವರಿಗೆ ಬೇಕೇ ಬೇಕು, ಕೆಲವರಿಗೆ ಅಪಾಯ. ಹಿಗ್ಗಿದ ನಾಳ ಒಡೆದ್ರೆ ರಕ್ತ ನಿಲ್ಲಿಸೋದು ಕಷ್ಟ. ಯಾರಿಗೆ ಬೇಕು ಅಂತ ಸ್ಕ್ಯಾನ್ ನೋಡಿದ ಡಾಕ್ಟರ್ ಹೇಳ್ಬೇಕು, ಸ್ನೇಹಿತರಲ್ಲ. ಎಷ್ಟು ನುಂಗಿದ್ದೀರಿ ಅಂತ ಅವರಿಗೆ ಈಗ್ಲೇ ಫೋನ್ ಮಾಡ್ತೀನಿ." ನರ್ಸಮ್ಮ ಪಟ್ಟಿ ಹಿಡಿದು ಕೆಳಗಿಳಿದಳು.

ಅಕ್ಕನಿಗೆ ಕೋಪ ನೆತ್ತಿಗೇರಿತ್ತು. "ಬಿಪಿ ಮಾತ್ರೆ ಯಾಕೆ ಮುಟ್ಟಿಲ್ಲ?"

ಅವನು ಮೆಲ್ಲಗೆ ಹೇಳಿದ, "ಸೀನೋಕೂ ಭಯ ಆಗುತ್ತೆ ಕಣೇ. ಆ ಪಟ್ಟಿ ಕೈಗೆತ್ತಿಕೊಂಡಾಗಲೆಲ್ಲ ತಲೆಯೊಳಗಿರೋದು ನೆನಪಾಗುತ್ತೆ. ವಾಸಿಯಾಗದ್ದಕ್ಕೆ ದಿನಾ ಯಾಕೆ ಅಂತ ಪಕ್ಕಕ್ಕಿಡ್ತೀನಿ."

ಅಕ್ಕನ ಕೋಪ ಜರ್ರನೆ ಇಳಿಯಿತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ರೀ, ಸಿನಿಮಾ ಮಧ್ಯೆ ಕರೆಂಟು ಹೋಗ್ತಿತ್ತಲ್ಲ, ಜನ ಸೀಟಿ ಹೊಡೆದು ಗಲಾಟೆ ಎಬ್ಬಿಸೋರು. ನೀವು ಮೇಲಿಂದ ಕೂಗ್ತಿದ್ರಿ, 'ಯಾರೂ ಎದ್ದು ಹೋಗ್ಬೇಡಿ, ನಾನಿದ್ದೀನಿ' ಅಂತ. ಅಷ್ಟು ಜನ ಕತ್ತಲಲ್ಲಿ ನಿಮ್ಮ ಮಾತು ನಂಬಿ ಕೂತಿರ್ತಿದ್ರು. ಈಗ ನಾನು ಹೇಳ್ತಿದ್ದೀನಿ. ಎದ್ದು ಹೋಗ್ಬೇಡಿ. ನಾನಿದ್ದೀನಿ."

ಆಪರೇಟರಣ್ಣನ ಕಣ್ಣು ತುಂಬಿ ಬಂತು. ಬಿಪಿ ಮಾತ್ರೆಯ ಪಟ್ಟಿ ತೆರೆದು, ನೀರಿನ ಲೋಟಕ್ಕೆ ಕೈ ಚಾಚಿದ.

ಗೇಟ್‌ಕೀಪರು ಕೊಟ್ಟ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ, ಮರುದಿನವೇ ಬಂದು ತೋರಿಸಲು ಡಾಕ್ಟರು ಫೋನಿನಲ್ಲಿ ಹೇಳಿದರು. ಸಿಗರೇಟನ್ನು ಅವನು ಒಂದೇ ಏಟಿಗೆ ಬಿಡಲಿಲ್ಲ. ಎರಡು ಸಲ ಬಿಟ್ಟ, ಎರಡು ಸಲ ಕದ್ದು ಸೇದಿ ಸಿಕ್ಕಿಬಿದ್ದ. ಮೂರನೇ ಸಲ ಬಿಟ್ಟವನು ಮತ್ತೆ ಮುಟ್ಟಲಿಲ್ಲ. ಊಟದಲ್ಲಿ ಉಪ್ಪು ಕಡಿಮೆಯಾಯಿತು. ವಾರವಾರ ನರ್ಸಮ್ಮ ಬಿಪಿ ನೋಡಿ ಚೀಟಿಯಲ್ಲಿ ಬರೆದಿಟ್ಟಳು. ಕಣ್ಣಿನ ಸೆಳೆತಕ್ಕೆ ಡಾಕ್ಟರು ಆಗಾಗ ಇಂಜೆಕ್ಷನ್ ಕೊಟ್ಟರು, ಅದೂ ತಗ್ಗಿತು. ವರ್ಷದ ಮೇಲೆ ತೆಗೆದ ಸ್ಕ್ಯಾನಿನಲ್ಲಿ ನಾಳ ಮೊದಲಿದ್ದಷ್ಟೇ ಇತ್ತು, ಒಂದು ಚೂರೂ ಹಿಗ್ಗಿರಲಿಲ್ಲ. ಆ ಸಂಜೆ ಇಬ್ಬರೂ ಮುಚ್ಚಿದ ಚಿತ್ರಮಂದಿರದ ಮುಂದೆ ನಡೆದುಕೊಂಡೇ ಮನೆಗೆ ಬಂದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈ ತೊಂದರೆ ಎಲ್ಲರಿಗೂ ಬರುವುದಿಲ್ಲ. ಆದರೆ ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಎರಡೆರಡು ಕಂಡರೆ, ಹಿಂದೆಂದೂ ಬಾರದಂಥ ತಲೆನೋವು ಸಿಡಿದರೆ, ಅದು ತಾನಾಗೇ ಹೋದರೂ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬಿಪಿ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಬೇರೆಯವರ ಮಾತ್ರೆ ನುಂಗಬೇಡಿ. ನಿಮ್ಮ ಮನೆಯಲ್ಲೂ ಯಾರೋ ಮಾತ್ರೆಯನ್ನು ಪಕ್ಕಕ್ಕಿಟ್ಟಿರಬಹುದು. ಬೈಯಬೇಡಿ. ಇವತ್ತೇ ಪಕ್ಕದಲ್ಲಿ ಕೂತು, ಯಾಕೆ ಅಂತ ಕೇಳಿ.