ಸೇತುವೆ ರೀಲಿನ ಮೊದಲ ಫ್ರೇಮು

ಯುದ್ಧದ ಫೋಟೋಗಳ ವಿಷಯಕ್ಕೆ ಬಂದರೆ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಸೇತುವೆ ಪಕ್ಷ, ಇನ್ನೊಂದು ಲೋಟದ ಪಕ್ಷ. ನಾನು ಲೋಟದ ಪಕ್ಷದವಳು, ಇವತ್ತಿಗೂ.

ಸೇತುವೆಯ ಫೋಟೋ ತೆಗೆದವನು ಗಡ್ಡ. ಮುರಿದ ಸೇತುವೆಯ ಮೇಲೆ ಒಬ್ಬ ಸೈನಿಕ ಗಾಯಗೊಂಡ ಶತ್ರು ಸೈನಿಕನನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುತ್ತಿದ್ದಾನೆ. ಹಿಂದೆ ಹೊಗೆ, ಕೆಳಗೆ ನೀರು. ಕ್ಯಾಲೆಂಡರಿಗೂ ಬಂತು, ಶಾಲೆಯ ಪುಸ್ತಕಕ್ಕೂ ಬಂತು. ಲೋಟದ ಫೋಟೋ ತೆಗೆದವನು ಕಡ್ಡಿ. ಕಂದಕದಲ್ಲಿ ಎಲ್ಲರೂ ತಲೆ ತಗ್ಗಿಸಿ ಮಣ್ಣಿಗೆ ಅಂಟಿಕೊಂಡಿದ್ದಾರೆ, ಮೇಲೆ ಶೆಲ್ ಸಿಡಿಯುತ್ತಿದೆ, ಯಾರದೋ ಒಂದು ಕೈ ಮಾತ್ರ ಎತ್ತಿ ಹಿಡಿದಿದೆ. ಆ ಕೈಯಲ್ಲಿ ಚಹಾದ ಲೋಟ. ಪ್ರಾಣ ಹೋದರೂ ಸರಿ, ಚಹಾ ಚೆಲ್ಲಬಾರದು ಎನ್ನುವ ಆ ಮೊಂಡುತನ ಕಂಡು ಮೊದಲು ನನಗೆ ನಗು ಬಂತು, ಆಮೇಲೆ ಪ್ರಿಂಟನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಇಂಥ ಫೋಟೋ ಬಿಟ್ಟು ಸೇತುವೆಗೆ ಮತ ಹಾಕುವವರಿಗೆ ಕಣ್ಣಿನ ಡಾಕ್ಟರು ಬೇಕು ಎಂದು ನಾನು ಆಗಲೂ ಹೇಳುತ್ತಿದ್ದೆ.

ಗಡ್ಡ, ಕಡ್ಡಿ ಇಬ್ಬರೂ ನಮ್ಮ ಪತ್ರಿಕೆಯ ಫೋಟೋಗ್ರಾಫರುಗಳು. ಒಬ್ಬನಿಗೆ ಎದೆ ಮುಟ್ಟುವ ಗಡ್ಡ, ಮೂಗಿನ ತುದಿಯಲ್ಲೇ ಕೋಪ. ಇನ್ನೊಬ್ಬ ಜೋರಾಗಿ ಸೀನಿದರೆ ಮುರಿದುಹೋಗುವಷ್ಟು ಸಣಕಲ, ಯಾವಾಗಲೂ ನಗು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎನ್ನುವಂಥ ಜೋಡಿ, ಆದರೆ ಎಲ್ಲಿ ಗುಂಡು ಹಾರಿದರೂ ಜೊತೆಯಾಗಿಯೇ ಹೋಗುತ್ತಿದ್ದರು. ನಾನು ಚಿತ್ರ ವಿಭಾಗದಲ್ಲಿದ್ದೆ. ಅವರು ಪ್ರಾಣ ಪಣಕ್ಕಿಟ್ಟು ತಂದದ್ದನ್ನು ಪುಟಕ್ಕೆ ತಕ್ಕಂತೆ ಕತ್ತರಿಸುವುದು ನನ್ನ ಕೆಲಸ. ಹಾಗಾಗಿ ನನ್ನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು.

"ನನ್ನ ಆಕಾಶ ಎಲ್ಲಿ ಹೋಯ್ತೇ?" ಎಂದು ಗಡ್ಡ ಪತ್ರಿಕೆ ಹಿಡಿದುಕೊಂಡು ಕೂಗಾಡುತ್ತಿದ್ದ.

"ನಿನ್ನ ಆಕಾಶದ ಜಾಗದಲ್ಲಿ ಸೋಪಿನ ಜಾಹೀರಾತು ಬಂದಿದೆ. ಅದ್ರಿಂದಲೇ ನಿನಗೆ ಸಂಬಳ" ಎನ್ನುತ್ತಿದ್ದೆ ನಾನು.

"ಹೋಗ್ಲಿ ಬಿಡೋ, ಆಕಾಶ ನಾಳೆನೂ ಇರುತ್ತೆ" ಎಂದು ಕಡ್ಡಿ ಅವನ ಹೆಗಲಿಗೆ ಕೈ ಹಾಕಿ ಚಹಾಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಡಾರ್ಕ್‌ರೂಮಿನ ಹುಳಿ ವಾಸನೆ, ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಪ್ರಿಂಟುಗಳಿಂದ ನನ್ನ ತಲೆಯ ಮೇಲೆ ತೊಟ್ಟಿಕ್ಕುವ ನೀರು, ಹೊರಗೆ ನಿಂತು ಜಗಳವಾಡುವ ಈ ಜೋಡಿ. ಆ ಜಗಳವನ್ನು ಮತ್ತೊಮ್ಮೆ ಕೇಳಲು ಸಿಗುವುದಾದರೆ ನಾನು ಏನು ಬೇಕಾದರೂ ಕೊಟ್ಟೇನು.

ಸೇತುವೆಯ ಫೋಟೋ ತೆಗೆದ ದಿನವೇ ಕಡ್ಡಿ ಸತ್ತ. ಅವನ ಕ್ಯಾಮೆರಾವೂ ಸಿಗಲಿಲ್ಲ. ಗಡ್ಡ ಒಬ್ಬನೇ ವಾಪಸು ಬಂದ. ರೀಲನ್ನು ಯಾರ ಕೈಗೂ ಕೊಡದೆ ತಾನೇ ತೊಳೆದ, ಸೇತುವೆಯ ಒಂದು ಪ್ರಿಂಟು ಮಾಡಿ ನನ್ನ ಮೇಜಿನ ಮೇಲಿಟ್ಟ, ರೀಲನ್ನು ಸುತ್ತಿ ಡಬ್ಬಿಗೆ ಹಾಕಿ ಜೇಬಿಗಿಳಿಸಿದ. ಜಗತ್ತು ನೋಡಿದ ಪ್ರತಿಗಳೆಲ್ಲ ಆ ಒಂದು ಪ್ರಿಂಟಿನಿಂದ ಆದವು. ಅಂದಿನಿಂದ ಅವನು ಯುದ್ಧಕ್ಕೆ ಹೋಗಲಿಲ್ಲ. ಆಟದ ಮೈದಾನ, ಹೊಸ ಕಟ್ಟಡಗಳ ಉದ್ಘಾಟನೆ, ಇಷ್ಟೇ. ಯಾರಾದರೂ ಸೇತುವೆಯನ್ನು ಹೊಗಳಿದರೆ ಎದ್ದು ಹೋಗಿಬಿಡುತ್ತಿದ್ದ. ಜಂಬ ಎಂದುಕೊಂಡೆವು.

ಈಗ ಕಚೇರಿ ಆ ಹಳೆಯ ಕಟ್ಟಡವನ್ನು ಬಿಡುತ್ತಿದೆ. ಬಿಡುವ ಮೊದಲು ಕೆಳಗಿನ ಹಜಾರದಲ್ಲಿ ಯುದ್ಧದ ಫೋಟೋಗಳ ಪ್ರದರ್ಶನ ಮಾಡೋಣ ಎಂದು ನಿವೃತ್ತರಾದ ನಮ್ಮನ್ನು ಕರೆಸಿದರು. ಪ್ರತಿಯೊಂದು ಫೋಟೋ, ಅದರ ಕೆಳಗೆ ತೆಗೆದವನ ಮುಖ. ಎಲ್ಲರ ಮುಖ ಸಿಕ್ಕಿತು, ಕಡ್ಡಿಯದು ಸಿಗಲಿಲ್ಲ. ಅಲ್ಲಿ ಕ್ಯಾಮೆರಾದ ಚಿತ್ರ ಅಂಟಿಸಿದರಾಯಿತು ಎಂದರು. ನನಗೆ ಮೈಯೆಲ್ಲ ಉರಿಯಿತು.

ಆ ಮಧ್ಯಾಹ್ನ ಕಡ್ಡಿಯ ಮಗಳು ಬಂದಳು. ಅಪ್ಪ ಸತ್ತಾಗ ಅಂಬೆಗಾಲಿಡುತ್ತಿದ್ದವಳಿಗೆ ಈಗ ಕಿವಿಯ ಹತ್ತಿರ ನರೆ. ನಾನೂ ಗಡ್ಡನೂ ಮೇಲಿನ ಹಳೆಯ ಕೋಣೆಯಲ್ಲಿ, ಗಾಜಿನ ಕೆಳಗೆ ದೀಪವಿರುವ ಮೇಜಿನ ಮೇಲೆ ನೆಗೆಟಿವ್ ನೋಡುತ್ತಿದ್ದೆವು. ಅವಳು ನೇರವಾಗಿ ಅಪ್ಪನ ನೆಗೆಟಿವ್‌ಗಳ ಪೆಟ್ಟಿಗೆ ತೆಗೆದು ಒಂದೊಂದೇ ಪಟ್ಟಿಯನ್ನು ದೀಪಕ್ಕೆ ಹಿಡಿಯತೊಡಗಿದಳು.

"ಏನಮ್ಮಾ ಹುಡುಕ್ತಿದ್ದೀಯ?" ಎಂದೆ.

"ಅಪ್ಪನ್ನ, ಅತ್ತೆ."

"ಕ್ಯಾಮೆರಾ ಹಿಡ್ಕೊಂಡೋನು ಫೋಟೋದಲ್ಲಿ ಹೇಗಿರ್ತಾನೆ ಹುಚ್ಚಿ" ಎಂದು ಗಡ್ಡ ನಕ್ಕ. ನಾನೂ ನಕ್ಕೆ. ಕಚೇರಿಯ ಗುಂಪಿನ ಫೋಟೋಗಳನ್ನು ಕೂಡ ಕಡ್ಡಿಯೇ ತೆಗೆಯುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ.

ಅವಳು ನಗಲಿಲ್ಲ. "ಮನೇಲಿ ಒಂದೇ ಒಂದು ಫೋಟೋ ಇದೆ, ಮದುವೇದು. ಅದರಲ್ಲಿ ಅಪ್ಪ ಕಣ್ಣು ಮುಚ್ಚಿಬಿಟ್ಟಿದ್ದಾರೆ. ನಿನ್ನ ಕಣ್ಣು ಅಪ್ಪಂದೇ ಅಂತ ಅಮ್ಮ ಹೇಳ್ತಿದ್ಲು. ಈಗ ಹಾಗೆ ಹೇಳೋಕೆ ಅಮ್ಮನೂ ಇಲ್ಲ. ಆ ಕಣ್ಣು ಹೇಗಿತ್ತು ಅಂತ ಒಂದ್ಸಲ ನೋಡ್ಬೇಕು ದೊಡ್ಡಪ್ಪ, ಅಷ್ಟೇ."

ಬೆಳಗಿನಿಂದ ಗಡ್ಡ ಅಂಗಿಯ ಜೇಬನ್ನು ಮುಟ್ಟಿಕೊಳ್ಳುತ್ತಲೇ ಇದ್ದ. ದೊಡ್ಡ ಪ್ರಿಂಟು ಮಾಡಲು ಸೇತುವೆಯ ಮೂಲ ನೆಗೆಟಿವ್ ಬೇಕು ಎಂದು ಕಚೇರಿಯವರು ಕೇಳಿದ್ದರು. ತಂದಿದ್ದ, ಕೊಟ್ಟಿರಲಿಲ್ಲ. ಈಗ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟ.

"ಇದರ ತಲೆ ಕತ್ತರಿಸಿಲ್ಲ" ಎಂದ.

ನನಗೆ ಅರ್ಥವಾಯಿತು, ಅವಳಿಗೆ ವಿವರಿಸಬೇಕಾಯಿತು. ಕ್ಯಾಮೆರಾಗೆ ರೀಲು ಹಾಕುವಾಗ ಅದರ ತುದಿಗೆ ಬೆಳಕು ಬಿದ್ದಿರುತ್ತದೆ. ಆ ಭಾಗವನ್ನು ದಾಟಿಸಲು ಫೋಟೋಗ್ರಾಫರುಗಳು ಎತ್ತಲೋ ಹಿಡಿದು ಎರಡು ಮೂರು ಸಲ ಗುಂಡಿ ಒತ್ತುತ್ತಾರೆ. ನೆಲವೋ ಗೋಡೆಯೋ ತಮ್ಮ ಕಾಲೋ ಅರ್ಧಂಬರ್ಧ ಬೀಳುತ್ತದೆ. ಡಾರ್ಕ್‌ರೂಮಿನವರು ಅದನ್ನು ರೀಲಿನ ತಲೆ ಎನ್ನುತ್ತಿದ್ದರು, ಕತ್ತರಿಸಿ ಬುಟ್ಟಿಗೆ ಎಸೆಯುತ್ತಿದ್ದರು.

"ನಾವು ನೆಲದ ಫೋಟೋ ತೆಗೀತಿರಲಿಲ್ಲ" ಎಂದ ಗಡ್ಡ. "ಹೇಗೂ ಹಾಳಾಗೋ ಫ್ರೇಮು, ಒಬ್ಬರ ಮುಖಕ್ಕೆ ಒಬ್ಬರು ಹಿಡೀತಿದ್ವಿ. ಹಿಡಿಯೋನು 'ಇದ್ದೀಯೇನೋ?' ಅಂತ ಕೇಳ್ಬೇಕು. ಅವನು 'ಇದ್ದೀನಿ, ತೆಗಿ' ಅನ್ಬೇಕು. ಗುಂಡಿನ ಸದ್ದಿನ ಮಧ್ಯೆ ಅದೊಂದು ಆಟ ನಮಗೆ. ಆ ಬೆಳಗ್ಗೆನೂ ಕೇಳಿದ್ದೆ."

ಎಷ್ಟು ಸಲ ಕಡ್ಡಿಯ ಮುಖ ನಮ್ಮ ಬುಟ್ಟಿ ಸೇರಿ ಕಸದ ಗಾಡಿ ಹತ್ತಿ ಹೋಯಿತೋ. ಉಳಿದದ್ದು ಇದೊಂದೇ ತಲೆ.

"ಮತ್ತೆ ಇಷ್ಟು ವರ್ಷ ಯಾಕೋ ಮುಚ್ಚಿಟ್ಟೆ?" ಎಂದು ನಾನು ರೇಗಿದೆ.

"ನಾನೇ ನೋಡಿಲ್ಲ ಕಣೇ" ಎಂದ. "ತೊಳೆದಾಗ ಸೇತುವೆ ಹುಡುಕಿದೆ, ಆ ಕಡೆ ತುದಿಗೆ ಕಣ್ಣು ಹಾಕಲಿಲ್ಲ. ಬೆಳಕು ಪೂರ್ತಿ ತಿಂದುಹಾಕಿದ್ರೆ? ನೋಡದೆ ಇದ್ರೆ ಅವನು ಅಲ್ಲಿದ್ದಾನೆ ಅಂತಾದ್ರೂ ಇರುತ್ತೆ. ಇವರ ಮನೆ ಬಾಗಿಲ ತನಕ ಹೋಗಿ ಎಷ್ಟು ಸಲ ವಾಪಸು ಬಂದಿದ್ದೀನೋ."

ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಮಗಳು ಡಬ್ಬಿಯನ್ನು ನೋಡಿದಳು. "ನಾನು ನೋಡ್ತೀನಿ" ಎಂದಳು.

ಹಳೆಯ ರೀಲು ಬಿಚ್ಚಿದಷ್ಟೂ ಸುರುಳಿಯಾಗುತ್ತಿತ್ತು. ನಾನು ತುದಿಯನ್ನು ಗಾಜಿನ ಮೇಲೆ ಒತ್ತಿ ಹಿಡಿದೆ. ಅವಳು ಭೂತಗನ್ನಡಿಗೆ ಕಣ್ಣಿಟ್ಟು ಬಾಗಿದಳು. ಗಡ್ಡ ಗೋಡೆಯ ಕಡೆ ತಿರುಗಿ ನಿಂತ.

"ಪೂರ್ತಿ ಕಪ್ಪು" ಎಂದಳು.

ಕಪ್ಪು ಎಂದರೆ ಬೆಳಕು ತಿಂದಿದೆ ಎಂದರ್ಥ. "ಇನ್ನೊಂಚೂರು ಸರಿಸು" ಎಂದೆ.

"ಇಲ್ಲಿ ಅರ್ಧ ಕಪ್ಪು. ಉಳಿದರ್ಧದಲ್ಲಿ ಯಾರೋ ಇದ್ದಾರೆ..." ಅವಳ ದನಿ ಇಳಿಯಿತು. "ಅಪ್ಪ ಅಲ್ಲ. ತಲೆ ಎಲ್ಲ ಬೆಳ್ಳಗಿದೆ. ಯಾರೋ ಮುದುಕರು."

ಗಡ್ಡ ತಟ್ಟನೆ ತಿರುಗಿದ. "ನೆಗೆಟಿವಲ್ಲಿ ಕರಿ ಕೂದಲು ಬಿಳಿ ಕಾಣುತ್ತೆ, ಮಗಳೇ!" ಎಂದು ಅವಳನ್ನು ಬದಿಗೆ ಸರಿಸಿ ತಾನೇ ಬಾಗಿದ. ತುಂಬ ಹೊತ್ತು ತಲೆ ಎತ್ತಲಿಲ್ಲ. ಗಡ್ಡದ ತುದಿಯಿಂದ ಗಾಜಿನ ಮೇಲೆ ಹನಿ ಬಿತ್ತು.

"ನೋಡೇ ಕತ್ತರಿ" ಎಂದ, "ನಮ್ಮ ಜೊತೆ ಇವನೂ ಮುದುಕ ಆಗಿದ್ದಾನೆ."

"ದೊಡ್ಡಪ್ಪ, ಕಣ್ಣು?"

"ಒಂದನ್ನ ಬೆಳಕು ತಿಂದಿದೆ. ಇನ್ನೊಂದು ತೆರೆದೇ ಇದೆ."

ಅವಳು ಕುರ್ಚಿಯಲ್ಲಿ ಕುಸಿದು ಜೋರಾಗಿ ಅತ್ತಳು. ನಾವು ಅಳಲು ಬಿಟ್ಟೆವು.

ಪ್ರದರ್ಶನದ ದಿನ ಲೋಟದ ಫೋಟೋದ ಕೆಳಗೆ ಆ ಪ್ರಿಂಟನ್ನು ಹಾಕಿದೆವು. ಒಂದು ಕಡೆ ಬೆಳಕು ತಿಂದ ಬರೀ ಬಿಳಿ, ಇನ್ನೊಂದು ಕಡೆ ನಗುತ್ತಿರುವ ಕಡ್ಡಿ, ಕಪ್ಪು ಕೂದಲಿನವನು, ಕೈಯಲ್ಲಿ ಕ್ಯಾಮೆರಾ, ಮಗಳಿಗೆ ಕೊಟ್ಟುಹೋದ ಅದೇ ಕಣ್ಣು. "ಆ ಬಿಳೀನ ಕತ್ತರಿಸಿದ್ರೆ ನೋಡು" ಎಂದು ಗಡ್ಡ ಹಿಂದಿನ ದಿನವೇ ಗದರಿದ್ದ. ಕತ್ತರಿಸಲು ನನಗೂ ಮನಸ್ಸಿರಲಿಲ್ಲ. ಬಂದವರೆಲ್ಲ ಸೇತುವೆಯ ಮುಂದೆ ಗುಂಪುಗೂಡಿದರು, ಹಾಳಾಗಿ ಹೋಗಲಿ.

ಮಗಳು ಮಾತ್ರ ಅಪ್ಪನ ಮುಂದೆ ನಿಂತಿದ್ದಳು. ಚೀಲದಿಂದ ಫೋನು ತೆಗೆದು ಅವನ ಮುಖಕ್ಕೆ ಹಿಡಿದಳು, ಒತ್ತಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು.

"ಅಪ್ಪಾ, ಇದ್ದೀಯಾ?"

ಅವಳ ಹಿಂದೆ ನಿಂತಿದ್ದ ಗಡ್ಡ ಒಂದು ಹೆಜ್ಜೆ ಮುಂದೆ ಬಂದ.

"ಇದ್ದೀನಿ, ತೆಗಿ" ಎಂದ.

ಅವಳು ತೆಗೆದಳು.